ನೀರು ಇಳಿಯುವ ಹೊತ್ತು

"ಹಲೋ... ಯಾರು ಮಾತಾಡ್ತಿರೋದು? ಗಾಳಿ ಸದ್ದು ಬಿಟ್ರೆ ಏನೂ ಕೇಳಿಸ್ತಿಲ್ಲ."

...

"ಯಾರು? ಓಹೋ, ಭಾವ! ಮೂರು ವರ್ಷ ಆದ್ಮೇಲೆ ಈ ನಂಬರ್ ನೆನಪಾಯ್ತಾ?"

ಧ್ವನಿಯಲ್ಲಿ ಆಶ್ಚರ್ಯ ತುಂಬಿಕೊಂಡಳೇ ಹೊರತು ಅವಳಿಗೆ ಆಶ್ಚರ್ಯವೇನೂ ಆಗಿರಲಿಲ್ಲ. ಸಮುದ್ರ ನೋಡಲು ಬರುವವರಿಗೆ ಈಜುಗನ್ನಡಕ, ಉಸಿರುಕೊಳವೆ, ಗಾಳದ ಕೋಲು ಬಾಡಿಗೆಗೆ ಕೊಡುವ ಅಂಗಡಿ ಅವಳದು. ಅಕ್ಕನ ಗಂಡನ ಹಳದಿ ಬೋಟು ದೂರದ ಮರಳುದಿಬ್ಬದ ಹಿಂದೆ ಒಂದು ಪಕ್ಕಕ್ಕೆ ವಾಲುವುದನ್ನು ಅವಳು ಅರ್ಧ ಗಂಟೆಯಿಂದ ಕಿಟಕಿಯಲ್ಲಿ ನೋಡುತ್ತ, ಈ ಕರೆಗಾಗಿಯೇ ಕಾಯುತ್ತಿದ್ದಳು.

...

"ಹಾಂ? ಮರಳಲ್ಲಿ ಕೂತ್ಬಿಡ್ತಾ? ಅಯ್ಯೋ, ಅಷ್ಟು ದೊಡ್ಡ ಬೋಟು! ಜನ ಎಷ್ಟಿದಾರೆ? ... ಇಪ್ಪತ್ತಾ. ಕುಡಿಯೋ ನೀರಿದ್ಯಾ? ನೆರಳಿದ್ಯಾ? ... ಹಾಗಾದ್ರೆ ಅವರಿಗೇನೂ ಆಗಲ್ಲ. ಇಳಿದು ನಡೆಯೋಕೆ ಮಾತ್ರ ಬಿಡಬೇಡಿ. ಮಧ್ಯದ ಕಾಲುವೇಲಿ ಸೆಳೆತ ಜೋರು."

...

"ನಾನಾ? ನಾನ್ಯಾಕೆ ಸುಳ್ಳು ಹೇಳ್ಲಿ? ಹೋದ ವಾರ ನಿಮ್ಮ ಟಿಕೆಟ್ ಹರಿಯೋನಿಗೆ ಪ್ರವಾಸಿ ವೇಷ ಹಾಕಿ ಕಳಿಸಿದ್ರಲ್ಲ, ಅವನು ಕೇಳಿದ್ದಕ್ಕೆಲ್ಲ ನಿಜಾನೇ ಹೇಳ್ದೆ. ತೇಲ್ತಾ ಮೀನು ನೋಡೋಕೆ ಯಾವ ಜಾಗ ಅಂದ. ದಿಬ್ಬದ ಹಿಂದೆ ಅಂದೆ. ಗಾಳ ಹಾಕೋಕೆ ಅಂದ. ಕಾಲುವೆ ಬಾಯಲ್ಲಿ ಅಂದೆ. ನಕ್ಷೆ ಬರೆದೂ ಕೊಟ್ಟೆ. ಇವತ್ತಿನಂಥ ದಿನ ಬೆಳಿಗ್ಗೆ ಏಳಕ್ಕೆ ಹೋಗಿ ಒಂಬತ್ತಕ್ಕೆ ಬಂದ್ಬಿಟ್ರೆ ಅಂಥ ಜಾಗ ಇನ್ನೊಂದಿಲ್ಲ. ನೀರು ಎಷ್ಟೊತ್ತಿಗೆ ಇಳಿಯುತ್ತೆ ಅಂತ ಅವನು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ."

...

"ಕಿರುಚಬೇಡಿ ಭಾವ, ಜನ ಕೇಳ್ತಾರೆ. ಇಷ್ಟು ವರ್ಷ ಬೋಟು ಇಟ್ಟಿದೀರಿ, ಇಳಿತದ ಪಟ್ಟಿ ನೋಡೋಕೂ ಇನ್ನೊಬ್ಬರು ಬೇಕಾ?"

ಭಾವನದು ಯಾವಾಗಲೂ ಇದೇ ದಾರಿ: ಇನ್ನೊಬ್ಬರು ತೋರಿಸಿದ ಜಾಗ ಬಳಸಿ, ತಪ್ಪನ್ನೂ ಅವರ ಮೇಲೇ ಹಾಕುವುದು. ಮದುವೆಯಾದ ಹೊಸದರಲ್ಲಿ ಅಪ್ಪ ಅಳಿಯನೆಂಬ ಪ್ರೀತಿಯಿಂದ ತಮ್ಮ ದೋಣಿಯಲ್ಲಿ ಕೂರಿಸಿಕೊಂಡು ಹೋಗಿ, ಯಾರಿಗೂ ತೋರಿಸದ ಹವಳದ ಮಡುವನ್ನು ತೋರಿಸಿದ್ದರು. ಅಲ್ಲಿ ಅವರು ಎಂದೂ ಲಂಗರು ಇಳಿಸಿದವರಲ್ಲ. ಅಳಿಯ ದೊಡ್ಡ ಬೋಟು ತಂದ, ಕಬ್ಬಿಣದ ಲಂಗರು ಎಸೆದ. ಎರಡೇ ವರ್ಷಕ್ಕೆ ಹವಳ ಸುಣ್ಣದ ಚೂರಾಯಿತು. ಆ ಚೂರು ತಗುಲಿ ಪ್ರವಾಸಿ ಹೆಂಗಸೊಬ್ಬಳ ಪಾದ ಸೀಳಿದಾಗ, ಅವಳನ್ನು ಕರೆತಂದದ್ದು ಮಾವನ ದೋಣಿ ಎಂದು ಬಂದರು ಕಚೇರಿಯಲ್ಲಿ ಹೇಳಿಕೆ ಕೊಟ್ಟುಬಂದ. ಅಪ್ಪನ ಪರವಾನಗಿ ರದ್ದಾಯಿತು. ಅಂದು ಅಂಗಡಿಯ ಹಿಂದಿನ ಕೋಣೆ ಸೇರಿದವರು ಆಮೇಲೆ ನೀರಿಗೆ ಕಾಲಿಟ್ಟಿಲ್ಲ.

...

"ಎಳೆಯೋಕೆ ಯಾವ ಬೋಟೂ ಅಲ್ಲಿಗೆ ಬರಲ್ಲ. ಬಂದ್ರೆ ಅದೂ ಕೂರುತ್ತೆ. ತಳ ಚಪ್ಪಟೆ ಇರೋ ದೋಣಿ ಈ ದಂಡೇಲಿ ಒಂದೇ. ಹಾಂ, ಅದೇ. ಅಪ್ಪಂದು."

...

"ನಿಮ್ಮ ದುಡ್ಡು ನಿಮ್ಮ ಜೇಬಲ್ಲೇ ಇರ್ಲಿ. ಬೋಟಲ್ಲಿ ರೇಡಿಯೋ ಇದೆ ಅಲ್ವಾ? ಬಂದರಿನ ಚಾನೆಲ್ ಹಾಕಿ. ಪಾದ ಸೀಳಿಸ್ಕೊಂಡ ಹೆಂಗಸು ಅವತ್ತು ಯಾರ ಬೋಟಲ್ಲಿ ಬಂದಿದ್ಲು, ಅದನ್ನ ಹೇಳಿ. ಅಷ್ಟೇ ಸಾಕು."

...

"ಅಕ್ಕಂಗೆ ಹೇಳ್ತೀರಾ? ಧಾರಾಳವಾಗಿ ಹೇಳಿ. ನಿಮ್ಮ ಟಿಕೆಟ್ ಕಟ್ಟೇಲೂ ರೇಡಿಯೋ ಇದೆ, ಅವಳು ಅಲ್ಲೇ ಕೂತಿರ್ತಾಳೆ. ನಿಮ್ಮ ಮಾತು ನಂಬಿ ಮೂರು ವರ್ಷದಿಂದ ಅಪ್ಪನ್ನ ಮಾತಾಡ್ಸಿಲ್ಲ ಅವಳು. ಕೇಳಿಸ್ಕೊಳ್ಲಿ."

...

"ಇಲ್ಲ ಅಂದ್ರೆ?"

ಇಲ್ಲ ಅಂದರೂ ಹನ್ನೆರಡಕ್ಕೆ ತಾನೇ ದೋಣಿ ಬಿಚ್ಚುವುದೆಂದು ಅವಳು ನಿರ್ಧರಿಸಿಯಾಗಿತ್ತು. ಬಂದ ಜನ ಯಾವ ಪಾಪ ಮಾಡಿದ್ದರು? ಆದರೆ ಅದನ್ನು ಭಾವನಿಗೆ ಹೇಳಲಿಲ್ಲ. ಕಪಾಟಿನ ಮೇಲಿದ್ದ ರೇಡಿಯೋದ ಸದ್ದು ದೊಡ್ಡದು ಮಾಡಿ, ಫೋನನ್ನು ಕಿವಿಗೊತ್ತಿ ಕಾದಳು. ಕೊನೆಗೂ ರೇಡಿಯೋ ಗೊರಗುಟ್ಟಿತು.

"ಗಟ್ಟಿಯಾಗಿ, ಭಾವ."

...

"'ಯಾವುದೋ ಬೋಟು' ಅಲ್ಲ. ಯಾರದು?"

...

"ಹಾಂ. ಈಗ ಇನ್ನೊಂದು ಸಲ. ಅಧಿಕಾರಿ ಕೇಳ್ತಿದಾರಲ್ಲ, ಅವರಿಗೇ ಹೇಳಿ."

ಅವನು ಎರಡನೇ ಸಲವೂ ಹೇಳಿದ. ನನ್ನ ಬೋಟು, ಮಾವನದಲ್ಲ. ಈಗ ಅದೇ ಬೋಟು ಮರಳಲ್ಲಿ ಕೂತಿದೆ, ಮಾವನ ದೋಣಿಯೇ ಬರಬೇಕು ಎಂದೂ ಸೇರಿಸಿದ. ಅದಕ್ಕೆ ಅಧಿಕಾರಿ, ಹಿರಿಯರು ದೋಣಿ ತೆಗೆಯುವುದಾದರೆ ತೆಗೆಯಲಿ, ಉಳಿದ ಲೆಕ್ಕ ಆಮೇಲೆ ನೋಡೋಣ ಎಂದರು.

ಅವಳಿಗೆ ನಗು ಬರಬೇಕಿತ್ತು. ಬದಲಿಗೆ ರೇಡಿಯೋದ ಸದ್ದು ತಗ್ಗಿಸಿ ಸ್ಟೂಲಿನ ಮೇಲೆ ಕೂತಳು. ತಿರುಗಿದರೆ ಬಾಗಿಲಲ್ಲಿ ಅಪ್ಪ. ಕೈಯಲ್ಲಿ ಅರ್ಧ ಹೆಣೆದ ಬಲೆ ಹಾಗೇ ಇತ್ತು.

"ಎಷ್ಟು ಜನ?" ಎಂದು ಮಾತ್ರ ಕೇಳಿದರು. ಬಲೆಯನ್ನು ಕೌಂಟರಿನ ಮೇಲಿಟ್ಟು, ಮೂಲೆಯಲ್ಲಿದ್ದ, ದೋಣಿ ನೂಕುವ ಬಿದಿರು ಜಲ್ಲೆಯನ್ನು ಹೆಗಲಿಗೇರಿಸಿ ಹೊರಟೇಬಿಟ್ಟರು. ಮರಳಿನ ಮೇಲೆ ಅವರು ಚಪ್ಪಲಿ ಕಳಚಿ ನೀರಿಗಿಳಿಯುವುದು ಅವಳಿಗೆ ಕಿಟಕಿಯಿಂದ ಕಂಡಿತು.

...

"ಹಾಂ, ಇದೀನಿ. ಅಪ್ಪ ಹೊರಟ್ರು. ... ಹೌದು, ಅವರೇ. ಒಂದು ಸಲಕ್ಕೆ ನಾಲ್ಕು ಜನ. ಐದು ಸಲ ಬರ್ತಾರೆ. ಐದು ಸಲವೂ ನೀವೇ ಹಗ್ಗ ಹಿಡೀಬೇಕು, ಅವರ ಮುಖ ನೋಡ್ಕೊಂಡು."

...

"ನೀವಾ? ನಿಮ್ಮ ಬೋಟು ಬಿಟ್ಟು ಎಲ್ಲಿಗೆ ಬರ್ತೀರಿ? ಸಾಯಂಕಾಲ ಐದಕ್ಕೆ ನೀರು ಏರುತ್ತೆ. ಅಲ್ಲೀತನಕ ಕೂತಿರಿ."

...

"ಅತ್ತು ಏನು ಪ್ರಯೋಜನ? ಅಪ್ಪ ಅಳೋದನ್ನ ನೀವು ನೋಡಿದ್ರಾ? ನಾನು ನೋಡಿದೀನಿ... ಒಂದ್ನಿಮಿಷ, ಇರಿ. ಯಾರೋ ಓಡ್ಕೊಂಡು ಬರ್ತಿದಾರೆ."

...

"ಅಕ್ಕ ಬಂದ್ಲು, ಭಾವ. ಕಾಲಲ್ಲಿ ಚಪ್ಪಲಿ ಕೂಡ ಇಲ್ಲ. ಮೆಟ್ಟಿಲು ಹತ್ತಿದ್ಲು. ಕೈ ಚಾಚ್ತಿದಾಳೆ. ಫೋನು ಕೊಡ್ಲಾ ಅವಳಿಗೆ?"

...

"ಭಾವ? ಕೊಡ್ತಾ ಇದೀನಿ... ಹಲೋ?"

ಆ ಕಡೆಯಿಂದ ಲೈನು ಕಟ್ಟಾಗಿತ್ತು.