ಸ್ಟ್ಯಾನಿ ನೋಡಿ ಬಂದ ಐಸಿನ ಗುಹೆ

...ಆಗಸ್ಟ್ ಹತ್ತೊಂಬತ್ತು, ಎರಡು ಸಾವಿರದ ಆರು. ಕುವೈಟ್‌ನಲ್ಲಿ ನಲವತ್ತೊಂಬತ್ತು ಡಿಗ್ರಿ, ಸಂಜೆ ಧೂಳುಗಾಳಿ. ಪೇಪರಲ್ಲೇ ಹಾಕಿದ್ದಾರೆ, ನಾನು ಮಾಡಿದ್ದಲ್ಲ. ಅದಕ್ಕೇ ಹೇಳುವುದು ಮರ್ಸಿ, ಊಟ ಮಾಡ್ತಾ ತಂಪಿನ ಕತೆ ಕೇಳು. ಈ ಊರಿನ ಬಿಸಿಲಲ್ಲಿ ಕಂಪೆನಿಯ ಗಾಡಿ ಓಡಿಸಿ ಕರಟಿದ ನಿನ್ನ ಗಂಡ ಸ್ವಿಟ್ಜರ್ಲೆಂಡ್ ನೋಡಿ ಬಂದಿದ್ದಾನೆ.

ಇಕಾಮಾ? ಹೇಳ್ತೇನೆ ಮಾರಾಯ್ತಿ. ನಿನ್ನದೂ ಮಗ ಶೇನ್‌ದೂ ಇಲ್ಲಿರುವ ಪರ್ಮಿಟ್ಟು ತಿಂಗಳ ಕೊನೆಗೆ ಮುಗಿಯುವುದು ನನಗೆ ಗೊತ್ತುಂಟು. ಶಾಲೆಯವರು ಹೊಸ ಇಕಾಮಾದ ಕಾಪಿ ಕೇಳಿದ್ರೆ, ಕೊಡ್ತೇವೆ ಅನ್ನು. ಮೊದಲು ಇದು ಕೇಳು.

ಬೆಟ್ಟದ ಹೊಟ್ಟೆಯೊಳಗೆ ರೈಲು. ಮೇಲೆ ಇಳಿದರೆ ಹಿಮನದಿ; ಅದನ್ನೇ ಕೊರೆದು ಕೋಣೆ ಮಾಡಿದ್ದಾರೆ. ನೆಲ ಐಸು, ಗೋಡೆ ಐಸು, ತಲೆಯ ಮೇಲೂ ಐಸು. ನನ್ನ ವೀಸಾದ ಧಣಿ, ಆ ಕಫೀಲ್‌ನ ಅಪ್ಪನ ಗಾಲಿಕುರ್ಚಿ ತಳ್ಳುವ ಕೆಲಸ ನನ್ನದು. ನಾನು ಎಡಕ್ಕೆ ತಳ್ಳಿದರೆ ಕುರ್ಚಿ ಬಲಕ್ಕೆ. ಮುದುಕರು ಕಂಬಳಿಯೊಳಗಿಂದ, "ಸ್ಟ್ಯಾನಿ, ಎಸಿ ಕಡಿಮೆ ಮಾಡು" ಅಂತಾರೆ.

ನಗಬೇಡ, ಅಲ್ಲಿ ನಿಜವಾಗಿಯೂ ಎಸಿ ಉಂಟು. ಬಂದವರ ಉಸಿರಿಗೆ ಕರಗಬಾರದಲ್ಲ, ಐಸಿಗೇ ತಂಪು ಹಾಕುತ್ತಾರೆ. ನಮ್ಮ ಎಸಿ ರಿಪೇರಿಯ ಅಹ್ಮದ್ ಬಾವಾನಿಗೆ ಹೇಳಿದ್ರೆ ನಾಳೆಯೇ ಅಲ್ಲಿ ಕೆಲಸ ಕೇಳ್ತಾನೆ.

ಮತ್ತೆ ಆ ಗೊಂಬೆಗಳು... ಗೊಂಬೆ ಅನ್ನಬಾರದು. ಒಂದು ಹದ್ದು, ಒಂದೊಂದು ಗರಿಯನ್ನೂ ಕೆತ್ತಿದ್ದಾರೆ. ಒಬ್ಬ ಪೈಲ್ವಾನ, ಹೊಟ್ಟೆ ಊರಿನ ಇಗರ್ಜಿಯಲ್ಲಿ ನಮ್ಮ ವಾಡೆಯ ಮುಖಂಡ, ಆ ಗುರ್ಕಾರರದ್ದೇ. ಶೇನ್‌ಗೆ ಹೇಳಿದ್ರೆ, "ಡ್ಯಾಡ್, ಡಿಡ್ ಯು ಟಚ್ ಇಟ್?" ಅಂತಾನೆ. ಮುಟ್ಟದೆ ಇರ್ತೇನಾ? ಆ ಹದ್ದಿನ ರೆಕ್ಕೆಗೆ ಕೈ ಇಟ್ಟು ನಿಂತಿದ್ದೆ. ಅಷ್ಟು ಹೊತ್ತು ಯಾರೂ ನನಗೆ ಯಲ್ಲಾ, ಬೇಗ ನಡಿ ಅನ್ನಲಿಲ್ಲ ಮರ್ಸಿ. ಯಾರೂ.

ಎಂತ? ಕಂಪೆನಿ ಡ್ರೈವರಿಗೆ ವೀಸಾ ಹೇಗೆ ಸಿಕ್ಕಿತು ಅಂತಲಾ? ಅದು... ಕಫೀಲ್‌ನ ಮನೆಯವನು ಅಂತ ತೋರಿಸಿದ್ರು. ಹಾಂ, ಮನೆಯ ಆಳು. ಅದಕ್ಕೆ ನನ್ನ ಇಕಾಮಾ ಕಂಪೆನಿಯಿಂದ ತೆಗೆದು ಅವರ ಮನೆಗೆ ಹಾಕಿದ್ರು. ಬರೇ ಕಾಗದದ ಮೇಲೆ. ಸಂಬಳ ಅದೇ, ಗಾಡಿ ಅದೇ...

ತಟ್ಟೆ ಯಾಕೆ ಸರಿಸಿದೆ? ಮೀನಿಗೆ ಉಪ್ಪು ಸರಿ ಉಂಟಲ್ಲ.

ಹೌದು. ಮನೆಕೆಲಸದ ಇಕಾಮಾದವನು ಹೆಂಡತಿ ಮಕ್ಕಳನ್ನು ಇಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಮೇಲಿನ ಫ್ಲಾಟಿನ ಶ್ಯಾಮಸುಂದರ್‌ಗೂ ಹಾಗೇ ಆದದ್ದು. ಆದರೆ ತಿರುಗಿ ಬಂದ ಕೂಡಲೇ ಕಂಪೆನಿಗೆ ಹಾಕ್ತೇನೆ ಅಂದಿದ್ರು ಕಫೀಲ್. ಈಗ ಆಗುವುದಿಲ್ಲವಂತೆ. ಮೊನ್ನೆ ಕೇಳಿದ್ರೆ, ಖಲಾಸ್ ಅಂದ್ರು.

ಹಾಗೆ ನೋಡಬೇಡ.

ನನಗೇನು ಕನಸು ಬಿದ್ದಿತ್ತಾ, ಹೀಗಾಗ್ತದೆ ಅಂತ?

...

ಗೊತ್ತಿತ್ತು. ಸಹಿ ಹಾಕುವಾಗಲೇ ಆಫೀಸಿನ ಬಾವಾಕುಂಞಿ ಕೈ ಹಿಡಿದು ಹೇಳಿದ್ದ, ಹೆಂಡತಿಯನ್ನು ಒಂದು ಮಾತು ಕೇಳಿ ಬಾ ಅಂತ. ಕೇಳಿದ್ರೆ ನೀನು ಬೇಡ ಅನ್ನುತ್ತಿದ್ದೆ. ಅದಕ್ಕೇ ಕೇಳಲಿಲ್ಲ.

ಬೈಯಬೇಕಾದರೆ ಬೈಯಿ, ಹುಡುಗ ಟಿವಿ ನೋಡ್ತಿದ್ದಾನೆ, ಕೇಳುವುದಿಲ್ಲ.

ಊರಿಗೆ ಟಿಕೆಟ್ ಕಫೀಲೇ ತೆಗೆದುಕೊಟ್ಟಿದ್ದಾರೆ. ಇಪ್ಪತ್ತೇಳಕ್ಕೆ. ಶೇನ್‌ಗೆ ಕಿಟಕಿಯ ಹತ್ತಿರ, ಪಕ್ಕದ್ದು ನಿನಗೆ.

ನನಗಾ? ಇಲ್ಲ... ಟಿಕೆಟ್ ಎರಡೇ.