ಬರಿಗೈಲಿ ಹೋದವಳು

…ನಾನು ಏಳೋ ಹೊತ್ತಿಗೆ ಹೊರಟೇಹೋಗಿದ್ಲು ಅಂತಿದೀನಿ. ಎಚ್ಚರ ಇದ್ದಿದ್ರೂ ತಡೀತಿರ್ಲಿಲ್ಲ ಬಿಡು. ನಿಮ್ಮಕ್ಕ ಏನು ಚಿಕ್ಕ ಮಗೂನಾ, ಕೈ ಹಿಡಿದು ಎಳೆದು ಕೂರಿಸೋಕೆ? ಕೂತ್ಕೋ ನೀನು. ಮೊದಲು ಆ ಬ್ಯಾಗ್ ಇಳಿಸು. ಅಷ್ಟು ದೂರದಿಂದ ಬಸ್ಸಲ್ಲಿ ಬಂದಿದೀಯ, ಬಂದವಳೇ ಕಂಬದ ಥರ ನಿಂತ್ಬಿಟ್ರೆ ಹೇಗೆ? ಟೀ ಕುಡಿ, ಆರಿಹೋಗುತ್ತೆ. ಯಾಕೆ ಲೋಟಾನ ಹಾಗೆ ನೋಡ್ತೀಯ? ವಿಷ ಹಾಕಿಲ್ಲ ತಾಯಿ! ತಮಾಷೆಗಂದೆ… ಮೊದಲೆಲ್ಲ ಭಾವ ಏನಂದ್ರೂ ಬಿದ್ದು ಬಿದ್ದು ನಗ್ತಿದ್ದೆ.

ನೋಡು ಪುಟ್ಟಿ, ಸಮಾಧಾನವಾಗಿ ಕೇಳು. ಅವಳ ಹೊಸ ಕಾದಂಬರಿ ಓದಿದ್ಯಲ್ಲ? ನಾನೇ ಟೈಪ್ ಮಾಡಿ ನಿಂಗೊಂದು ಪ್ರತಿ ಕಳಿಸಿದ್ನಲ್ಲ. ಕೊನೇ ಅಧ್ಯಾಯ ನೋಡು, ಎಲ್ಲಾ ಅದರಲ್ಲೇ ಇದೆ. ಆ ಹೆಂಗಸು ಒಂದಿನ ಬೆಳಿಗ್ಗೆ ಒಲೆ ಆರಿಸ್ತಾಳೆ, ಬಾಗಿಲು ಮುಂದಕ್ಕೆ ಎಳ್ಕೋತಾಳೆ, ಬರಿಗೈಲಿ ಹೊರಟುಹೋಗ್ತಾಳೆ. ಗಂಡನಿಗೆ ಹೇಳಲ್ಲ, ತೌರಿಗೂ ಹೇಳಲ್ಲ. ‘ನನ್ನನ್ನ ನಾನೇ ಹುಡುಕ್ಕೋಬೇಕು, ನೀವ್ಯಾರೂ ಹುಡುಕ್ಬೇಡಿ.’ ಎಂಥಾ ಮಾತು! ಪ್ರಕಾಶಕರು ಓದಿ ಅತ್ತೇಬಿಟ್ರಂತೆ. ಬರೆದದ್ದನ್ನೇ ಮಾಡಿದ್ಲು ನಿಮ್ಮಕ್ಕ. ಇನ್ಸ್‌ಪೆಕ್ಟರಿಗೂ ಆ ಪುಟಗಳನ್ನ ಕೊಟ್ಟೆ. ಓದಿದ, ಮುಚ್ಚಿಟ್ಟ, ‘ಸಾರ್, ಇಂಥೋರು ತಾವಾಗೇ ಬಂದ್ರೆ ಉಂಟು, ಇಲ್ದಿದ್ರೆ ಇಲ್ಲ’ ಅಂತ ನಕ್ಕ. ನಾನೂ ನಕ್ಕೆ. ಮತ್ತೇನು, ಅವನ ಮುಂದೆ ಕೂತು ಅಳಬೇಕಿತ್ತಾ?

ಕನ್ನಡಕಾನಾ? ಹೌದು, ಅವಳದ್ದೇ. ಬಿಟ್ಟುಹೋಗಿದಾಳೆ. ಬರಿಗೈ ಅಂದ್ರೆ ಬರಿಗೈ ತಾನೇ? ಗೊತ್ತಮ್ಮ, ಗೊತ್ತು, ಅದಿಲ್ದೆ ಅವಳಿಗೆ ಎದುರಿಗಿರೋರ ಮುಖಾನೂ ಕಾಣಲ್ಲ. ಇನ್ನೊಂದು ಇತ್ತೇನೋ. ಹೆಂಗಸರ ಹತ್ರ ಏನೇನಿರುತ್ತೆ ಅಂತ ಗಂಡಂದಿರಿಗೆ ಗೊತ್ತಾದ್ರೆ ಅರ್ಧ ಸಂಸಾರ ಉದ್ಧಾರ ಆಗಿರೋದು. ಇಡು ಅದನ್ನ ಕೆಳಗೆ. ಇಡು ಅಂದ್ನಲ್ಲ… ಸರಿ, ಇಟ್ಕೋ. ನಿನ್ನ ಹತ್ರಾನೇ ಇರ್ಲಿ.

ಎಲ್ಲರೂ ನನ್ನನ್ನೇ ಒಂಥರಾ ನೋಡ್ತಾರೆ. ನಾನೇನು ಕಡಿಮೆ ಮಾಡಿದೆ ಅವಳಿಗೆ? ಕೆಳಗಡೆ ಅಂಗಡೀಲಿ ಹಗಲೆಲ್ಲ ಮದುವೆ ಕಾರ್ಡು, ಬಾಡಿಗೆ ಕರಾರು, ಹುಡುಗರ ಬಯೋಡೇಟಾ ಹೊಡೆದು ಹೊಡೆದು ಬೆರಳು ಸೋತಿರುತ್ತೆ. ಉಸ್ಸಪ್ಪಾ ಅಂತ ಮೆಟ್ಟಿಲು ಹತ್ತಿ ಮೇಲೆ ಬಂದ್ರೆ ಇವಳ ಹಾಳೆಗಳು. ಅಕ್ಷರಾನಾ ಅವು? ಇರುವೆ ಸಾಲು! ಅವಳ ಕೈಬರಹ ಓದೋನು ಈ ಭೂಮಿ ಮೇಲೆ ನಾನೊಬ್ಬನೇ. ಕೇಳ್ಕೋ ಇದನ್ನ, ನಾನೊಬ್ಬನೇ. ಅಷ್ಟು ಕಾದಂಬರೀನೂ ನನ್ನ ಬೆರಳ ಮೂಲಕಾನೇ ಲೋಕ ನೋಡಿದ್ದು. ಹೆಣ್ಣು ತನ್ನ ಕಾಲ ಮೇಲೆ ನಿಂತ್ಲು, ಹೆಣ್ಣು ತಲೆ ಎತ್ತಿದ್ಲು, ಹೆಣ್ಣು ಬಾಯಿ ಬಿಟ್ಲು… ಎಲ್ಲಾ ಕೂತು ಹೊಡೆದೋನು ಈ ಗಂಡಸು.

ಓದುಗರು ಮನೆಗೆ ಬರ್ತಿದ್ರಲ್ಲ, ಬಾಗಿಲು ತೆಗೆಯೋನು ನಾನು. ‘ನೀವು?’ ಅನ್ನೋರು. ಇವಳು ಒಳಗಿಂದಾನೇ ಹೇಳ್ತಿದ್ಲು, ‘ನಮ್ಮ ಯಜಮಾನ್ರು, ಟೈಪ್ ಮಾಡ್ಕೊಡ್ತಾರೆ.’ ಟೈಪ್ ಮಾಡ್ಕೊಡ್ತಾರೆ! ಯಜಮಾನನಂತೆ, ಟೈಪ್ ಅಂತೆ… ಹೇಳ್ತಿದ್ಲು ಅಂದ್ನಾ? ಹೇಳ್ತಾಳೆ ಅಂದೆ. ಹೇಳ್ತಾಳೆ ಅಂತಾನೇ ಅಂದಿದ್ದು. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಅಂತಾರಲ್ಲ, ನಿನ್ನ ಮುಂದೆ ಒಂದೊಂದು ಮಾತೂ ಅಳೆದು ಆಡ್ಬೇಕು ನೋಡು ನಾನು.

ಮೇಜಲ್ಲಿ ಏನು ಹುಡುಕ್ತಿದೀಯ? ಹಾಳೆಗಳು ತಾನೇ? ಇವೆ. ಅಧ್ಯಾಯ ಅಧ್ಯಾಯ ಬೇರೆ ಮಾಡಿ ದಾರ ಕಟ್ಟಿಟ್ಟಿದೀನಿ. ಕೊನೇದು ಇಲ್ಲ. ಕೊನೇ ಅಧ್ಯಾಯದ್ದು ಅವಳೇ ತಗೊಂಡು ಹೋ…

ಅಲ್ಲಾ, ಬರಿಗೈ ಅಂದ್ರೆ ಬಟ್ಟೆಬರೆ ಇಲ್ಲ ಅಂತ ಪುಟ್ಟಿ. ನಾಲ್ಕು ಹಾಳೆ ಒಂದು ಸಾಮಾನಾ? ಸೆರಗಲ್ಲಿ ಇಟ್ಕೊಂಡ್ರೂ ಆಯ್ತು… ನಗ್ತಿದೀಯಾ? ಯಾಕೆ ನಗ್ತಿದೀಯ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾನಾ? ಮುಟ್ಟಿ ನೋಡ್ಕೋತಿಲ್ಲ ನಾನು. ನೆಟ್ಟಗೆ ಕೂತಿದೀನಿ.

ಏನದು, ತಲೆ ಅಲ್ಲಾಡಿಸ್ತೀಯ? ಅಲ್ಲ ಅಂತಾನಾ? ಏನು ಅಲ್ಲ? ಆ ಕೊನೆ ಅವಳದ್ದಲ್ಲ ಅಂತ್ಲಾ? ನಿಂಗ್ಹೇಗೆ ಗೊತ್ತು? ಅವಳ ಕೈಬರಹದ ಒಂದು ಸಾಲೂ ಓದೋಕೆ ಬರಲ್ಲ ನಿಂಗೆ. ಹಬ್ಬಿಸ್ಬೇಡ ಸುಮ್ನೆ. ಫೋನ್ ಯಾಕೆ ತೋರಿಸ್ತೀಯ? ಯಾರಿಗೆ ಮಾಡ್ತೀಯ?

…ಓ.

ಫೋನಲ್ಲಿ ಓದಿ ಹೇಳ್ತಿದ್ಲಾ? ನಿಂಗೆ? ಒಂದೊಂದು ಅಧ್ಯಾಯ ಮುಗಿಸಿದಾಗ್ಲೂ?

ಕೆಳಗೆ ಕೂತಿದ್ರೆ ಮೇಲಿಂದ ಅವಳ ದನಿ ಕೇಳ್ತಾ ಇತ್ತು ಪುಟ್ಟಿ. ಮಧ್ಯಾಹ್ನ ಮಧ್ಯಾಹ್ನ. ಗಿರಾಕಿಗಳಿಗೂ ಹೇಳ್ತಿದ್ದೆ, ನಮ್ಮೋಳು ಪಾತ್ರಗಳ ಮಾತು ಬಾಯಲ್ಲಿ ಹೇಳ್ಕೊಂಡೇ ಬರೆಯೋದು ಅಂತ. ಹೆಮ್ಮೆಯಿಂದ ಹೇಳ್ತಿದ್ದೆ ಕಣೇ! ಅದು ನಿಂಗೆ ಓದ್ತಾ ಇದ್ದಿದ್ದಾ… ನಂಗಿಂತ ಮೊದಲೇ ನಿಂಗೆ. ನಾನೊಬ್ಬನೇ ಅಂದ್ಕೊಂಡಿದ್ನಲ್ಲ.

ಕೊನೇದೂ ಓದಿದ್ಲಾ? ಹೇಳು. ಕೊನೇದೂ ಓದಿದ್ಲಾ?

ಹಾಗಾದ್ರೆ ನಿಂಗೆ ಗೊತ್ತು. ಅವಳು ಬರೆದ ಕೊನೇಲಿ ಆ ಹೆಂಗಸು ಎಲ್ಲೂ ಹೋಗಲ್ಲ. ಹೋಗೋನು ಗಂಡ! ಮನೆ ಅವಳದು, ಪುಸ್ತಕದ ದುಡ್ಡಲ್ಲಿ ಕಟ್ಟಿದ ಮನೆ, ಅವನೇನು ಇಟ್ಟಿಗೆ ಹೊತ್ತಿದ್ನಾ? ‘ಬೀಗದ ಕೈ ಕೊಟ್ಟು ಹೊರಡಿ.’ ಅಷ್ಟೇ ಸಾಲು. ಕೂಗಾಟ ಇಲ್ಲ, ಅಳು ಇಲ್ಲ. ಆಮೇಲೆ ಅವಳು ಕಿಟಕಿ ತೆಗೆದು ಕೂತು ಬರೀತಾಳೆ, ಮುಗೀತು. ಅದನ್ನ ನಾನು ಟೈಪ್ ಮಾಡ್ಬೇಕಿತ್ತು! ನನ್ನನ್ನ ಆಚೆ ದಬ್ಬೋದನ್ನ ನನ್ನ ಬೆರಳಲ್ಲೇ ಹೊಡೆಸಿದ್ಲು! ಅರ್ಧಕ್ಕೆ ನಿಲ್ಲಿಸಿ ಕೇಳಿದೆ, ‘ಇದು ಬರೀ ಕಥೆ ತಾನೇ?’ ಅಂತ. ಇವಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಲು. ಕಣ್ಣುಜ್ಜಿಕೊಂಡ್ಲು. ‘ಕೈ ಕೊಡಿ’ ಅಂದ್ಲು. ಬೀಗದ ಕೈ. ಅಂಗೈ ಚಾಚಿ ನಿಂತಿದ್ಲು, ಇಲ್ಲೇ, ಇಷ್ಟು ಹತ್ರ. ನನ್ನ ಮುಖ ಅವಳಿಗೆ ಸರಿಯಾಗಿ ಕಾಣ್ತಿರ್ಲಿಲ್ಲ. ಕಂಡಿದ್ರೆ ಹಿಂದಕ್ಕೆ ಸರೀತಿದ್ಲು…

ಅಂದ್ರೆ… ಹೋಗ್ತಿರ್ಲಿಲ್ಲ ಅಂತ. ಮನೆ ಬಿಟ್ಟು ಹೋಗ್ತಿರ್ಲಿಲ್ಲ ಅಂತ ಹೇಳಿದ್ದು ನಾನು. ಬೇರೆ ಅರ್ಥ ಮಾಡ್ಕೋಬೇಡ.

ಮಾತಾಡು ಪುಟ್ಟಿ. ಬೈದ್ಬಿಡು ಬೇಕಾದ್ರೆ. ಭಾವನ ಕೊರಳಪಟ್ಟಿ ಹಿಡಿ, ಚೀರು, ಏನಾದ್ರೂ ಮಾಡು. ಹೀಗೆ ಬಾಯಿಗೆ ಬೀಗ ಹಾಕ್ಕೊಂಡು ಕೂತ್ಕೋಬೇಡ. ಬಂದಾಗಿಂದ ನೋಡ್ತಿದೀನಿ, ನೀನು…

ತಡಿ.

ಪ್ರಕಾಶಕರು ಕೇಳಿದ್ರು. ಹಾಲಿನೋಳು ಕೇಳಿದ್ಲು. ಎದುರುಮನೆ ಅಜ್ಜಿಗೆ ಕಿವಿ ಕೇಳಲ್ಲ, ಅವಳೂ ದಿನಾ ಕೈಸನ್ನೆ ಮಾಡಿ ಕೇಳ್ತಾಳೆ. ನೀನು ಒಡಹುಟ್ಟಿದೋಳು. ಒಳಗೆ ಬಂದೆ, ಕೂತೆ, ಅವಳ ಮೇಜು ನೋಡ್ದೆ, ನನ್ನ ಮುಖ ನೋಡ್ದೆ. ಅಕ್ಕ ಎಲ್ಲಿ ಅಂತ ಒಂದ್ಸಲಾನೂ ಕೇಳ್ಲಿಲ್ಲ.

ಯಾಕೆ ಕೇಳ್ಲಿಲ್ಲ?

ಎದ್ದೇಳ್ಬೇಡ. ಕೂತ್ಕೋ… ಕೇಳಮ್ಮ. ಒಂದೇ ಒಂದ್ಸಲ ಕೇಳು. ನನ್ನ ಹತ್ರ ಉತ್ತರ ಇದೆ, ಎಲ್ಲರಿಗೂ ಹೇಳಿದೀನಿ, ಎಲ್ಲರೂ ಒಪ್ಪಿದಾರೆ… ನೀನೂ ಕೇಳು ಪುಟ್ಟಿ, ಅಕ್ಕ ಎಲ್ಲಿ ಅಂತ ಕೇಳು.