ಗುಂಪಿನ ಅಂಕ, ನೀರಜಾಳ ಸ್ಥಾನ

ಮಾನ್ಯ ಅಧ್ಯಕ್ಷರಾದ ವಿಷ್ಣುತೀರ್ಥ ಅವರೇ, ಅತಿಥಿಗಳೇ, ವಡಪಳನಿಯಿಂದ ಸೌಕಾರ್‌ಪೇಟೆಯವರೆಗಿನ ನಮ್ಮ ಮದರಾಸಿನ ಕನ್ನಡ ಬಂಧುಗಳೇ, ಸಭಿಕರೇ,

ಫಲಿತಾಂಶ ನನ್ನ ಜೇಬಿನಲ್ಲಿದೆ. ಅದಕ್ಕೆ ಮೊದಲು ಎರಡು ಮಾತು. ಈ ಐವತ್ತೆಂಟರ ದಸರೆಗೆ ಮೈಸೂರಿಗೆ ಹೊರಟಿರುವ ನಮ್ಮ ಭಜನಾ ಮೇಳಕ್ಕೆ ನಾಯಕಿ ಯಾರು? ಹೋದ ವರ್ಷ ಒಬ್ಬೊಬ್ಬರನ್ನೇ ಹಾಡಿಸಿ ಆರಿಸಹೋಗಿ, ತಾಯಂದಿರು ಒಬ್ಬರ ಮನೆಯ ಅರಿಶಿನ ಕುಂಕುಮಕ್ಕೆ ಇನ್ನೊಬ್ಬರು ಹೋಗದಂತಾಯಿತು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಇದೇ ವೇದಿಕೆಯಲ್ಲಿ ನಾನು ನಕ್ಕಿದ್ದೆ.

ಈ ವರ್ಷದ ಕ್ರಮ ನಾನೇ ಹೂಡಿದ್ದು. ವಿಮಾ ಕಚೇರಿಯವನ ಬುದ್ಧಿ ಎನ್ನಿ! ಪ್ರತಿ ಶನಿವಾರ ಚೀಟಿ ಎತ್ತಿ ನಾಲ್ವರ ಗುಂಪು, ಪರದೆಯ ಹಿಂದೆ ಹಾಡು. ಗುಂಪಿಗೆ ಬಂದ ಅಂಕವೇ ನಾಲ್ವರಿಗೂ. ಮುಂದಿನ ವಾರ ಗುಂಪು ಬೇರೆ. ಕೊನೆಗೆ ಯಾರ ಮೊತ್ತ ಹೆಚ್ಚೋ ಅವರೇ ನಾಯಕಿ. ಯಾರು ಸೇರಿದರೆ ಗುಂಪು ಏಳುತ್ತದೆ? ನಮಗೆ ಬೇಕಾದದ್ದು ಅದೇ ತಾನೇ? ರೇಡಿಯೋದಲ್ಲಿ ಹಾಡಿದ ನನ್ನ ಮಗಳು ನೀರಜಾ ಯಾವ ಗುಂಪಿಗೆ ಹೋದರೂ ಅದೇ ಗೆಲ್ಲುತ್ತದೆಂದು ನಾನು ನಿಶ್ಚಿಂತನಾಗಿದ್ದೆ.

ಮೊದಲ ಸ್ಥಾನ ವೆಂಕಟಲಕ್ಷ್ಮಿ ಅವರದು.

ದಯವಿಟ್ಟು ಗದ್ದಲ ಬೇಡ. ಹೌದು, ಅವರದು ಒಡಕು ಗಂಟಲೇ. ಬೆಳಿಗ್ಗೆ ಸಮಿತಿಯವರು ನನ್ನ ಮನೆಗೆ ಬಂದು, "ಸಾರ್, ಯಾರಿಗೂ ತಿಳಿಯಲ್ಲ, ಅಂಕ ಕೊಂಚ ಅಡ್ಜಸ್ಟ್ ಮಾಡ್ಬಿಡೋಣ" ಎಂದರು. ನಾನು ಬೇಡ ಎನ್ನಲಿಲ್ಲ. ಕಾಫಿ ತಂದ ನನ್ನ ಹೆಂಡತಿ ಸುಮತಿ ಲೋಟ ಕುಕ್ಕಿದಳು. ಗುಂಪಿಗೆ ತಲೆ ಸಾಲದೆಂದು ನಾನೇ ಅವಳನ್ನೂ ಸೇರಿಸಿದ್ದೆ.

"ವೆಂಕಟಲಕ್ಷ್ಮಿ ಮೊದಲು ಏನ್ ಕೇಳ್ತಾಳೆ ಗೊತ್ತಾ? ಯಾರಿಗೆ ಮೇಲೆ ಏರಕ್ಕಾಗಲ್ಲ ಅಂತ. ಅವರಿಗೆ ಒಗ್ಗೋ ತಗ್ಗು ಶ್ರುತಿಗೇ ಪೆಟ್ಟಿಗೆ ಇಡ್ತಾಳೆ. ನಮ್ಮ ನೀರಜಾ ತನಗೆ ಬೇಕಾದ ಐದೂವರೆ ಕಟ್ಟೈ ಎತ್ತರದ ಶ್ರುತಿಗೇ ಇಡ್ತಾಳೆ. ಮಿಕ್ಕವರು ಬಾಯಿ ಆಡಿಸ್ತಾರೆ, ಅಷ್ಟೇ. ನಿಮ್ಮ ಮಗಳಲ್ವೇ!"

ನನಗೆ ಕೋಪ ಬಂತು. ಈಗಲೂ ಇದೆ. ನಮ್ಮ ಮನೆಯಲ್ಲಿ ಯಾರ ಬಾಯನ್ನು ಯಾರು ಕಟ್ಟಿದ್ದಾರೆ? ಮದುವೆಯಾದ ಮೇಲೆ ಸುಮತಿ ಮನೆಯಲ್ಲಿ ಹಾಡಿದ್ದೇ ಇಲ್ಲ. ಗಂಟಲು ಸರಿಯಿಲ್ಲ ಎನ್ನುತ್ತಿದ್ದಳು. ಆದರೆ ಒಂದು ಶನಿವಾರ ಪರದೆಯ ಹಿಂದಿನಿಂದ, ವೆಂಕಟಲಕ್ಷ್ಮಿಯವರ ಒಡಕು ದನಿಯ ಜೊತೆಗೆ, ತಗ್ಗಾದ, ತುಂಬಿದ ದನಿಯೊಂದು ಕೇಳಿತು. ಯಾರಪ್ಪಾ ಇವರು ಎಂದು, ಅಂದು ಚೀಟಿ ಎತ್ತಿ ನನ್ನ ಪಕ್ಕದಲ್ಲಿ ಕೂತಿದ್ದ ತಿರುಮಲೇಶರನ್ನು ಕೇಳಿದೆ. "ಏನ್ ಸಾರ್, ನಿಮ್ಮ ಮನೆಯವರೇ ಅಲ್ವಾ?" ಎಂದರು.

ಬೆಳಿಗ್ಗೆ ಲೋಟ ಕುಕ್ಕಿದಾಗ ಅದು ನೆನಪಾಯಿತು. ಆದ್ದರಿಂದ ಪಟ್ಟಿಯನ್ನು ಇದ್ದ ಹಾಗೇ ಓದುತ್ತಿದ್ದೇನೆ. ಕೊನೆಯ ಸ್ಥಾನ, ಕುಮಾರಿ ನೀರಜಾ.

ಎದ್ದು ಹೋಗಬೇಡಮ್ಮ. ಬಾಗಿಲ ಬಳಿ ಇರುವವರೇ, ಸ್ವಲ್ಪ ಅವಳನ್ನು ತಡೆಯಿರಿ. ಬಂದ ನಿಮಗೆಲ್ಲ ನನ್ನ ವಂದನೆ. ಈಗ ಮೇಳ ಹಾಡುತ್ತದೆ. ವೆಂಕಟಲಕ್ಷ್ಮಿಯವರು ಶ್ರುತಿ ಇಡುತ್ತಿದ್ದಾರೆ. ಕೂತ್ಕೋ ನೀರಜಾ. ನಿಮ್ಮಮ್ಮ ಹಾಡುವುದನ್ನು ನೀನೂ ಸರಿಯಾಗಿ ಕೇಳಿಲ್ಲ. ನಮಸ್ಕಾರ.